ಕೂಡ್ರಿ ಅಂದರೆ ಎದ್ದು ನಿಂತವಳು

"ಕೂಡ್ರಿ..." ಎಂದು ಮೆಲ್ಲಗೆ ಅಂದ ಹುಡುಗನ ಎದುರಿಗೇ ರೂಪಶ್ರೀ ದಡಕ್ಕನೆ ಎದ್ದು ನಿಂತುಬಿಟ್ಟಳು!

ದಾವಣಗೆರೆಯ ವಿನೋಬನಗರದ ಆ ಪುಟ್ಟ ಮನೆಯಲ್ಲಿ ಅವತ್ತು ಹೆಣ್ಣು ನೋಡುವ ಶಾಸ್ತ್ರ. ಹುಡುಗ ಕೊಟ್ಟೂರೇಶ್, ಹರಿಹರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಅವಳು ತಂದಿಟ್ಟ ಮಿರ್ಚಿ ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ಬಂದರೂ "ಭಾರೀ ಚೆಂದ ಆಗೈತೆ" ಎಂದು ನಕ್ಕಿದ್ದ. ಆ ನಗುವಿಗೇ ರೂಪಾಳ ಎದೆ ಡವಡವ!

ಆದರೆ ಕಾಲು ಅವಳ ಮಾತು ಕೇಳಬೇಕಲ್ಲ! ಕೂತರೆ ಒಳಗೆಲ್ಲ ತಳಮಳ, ಎದ್ದು ಓಡಾಡಿದರಷ್ಟೇ ಸಮಾಧಾನ. ಕೂತಳು, ಎದ್ದಳು. ಮತ್ತೆ ಕೂತು, ಮತ್ತೆ ಎದ್ದು ಬಾಗಿಲತನಕ ಹೋಗಿ ಬಂದಳು.

ಕೊಟ್ಟೂರೇಶನ ಮುಖ ಬಾಡಿತು. 'ಬಾಗಿಲು ನೋಡ್ತಿದಾರೆ... ನಾನು ಯಾವಾಗ ಹೋಗ್ತೀನೋ ಅಂತ!'

ಹೊರಡುವಾಗ ರೂಪಾಳ ತಾಯಿ ಸರ್ವಮಂಗಳಮ್ಮನಿಗೆ ಹೇಳಿದ. "ಅಮ್ಮಾರೆ, ಅವ್ರಿಗೆ ನಾನು ಇಷ್ಟ ಆಗಿಲ್ಲ. ಒತ್ತಾಯ ಮಾಡಬ್ಯಾಡ್ರಿ. ನಂಗೇನ್ ಬ್ಯಾಸರ ಇಲ್ಲ."

ಬ್ಯಾಸರ ಇಲ್ಲವಂತೆ! ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋದ ಪುಣ್ಯಾತ್ಮ.

ಒಳಗೆ ರೂಪಾ ಅಳುತ್ತಾ ಓಡಾಡುತ್ತಿದ್ದಳು. "ಎಲ್ಲಾ ಈ ಗುಳಿಗೆಯಿಂದ್ಲೇ ಅಮ್ಮ! ಡಾಕ್ಟ್ರು ಹೋದ ಸಲ ಡೋಸ್ ಏರಿಸಿದಾಗಿಂದ ಕಾಲು ನಿಲ್ತಿಲ್ಲ. ಇವತ್ತೇ ಗಟಾರಕ್ಕೆ ಎಸಿತೀನಿ!"

ಎತ್ತಿದ ಕೈ ಅಲ್ಲೇ ನಿಂತಿತು.

ಹಿಂದೊಮ್ಮೆ, ಯಾರೂ ಇಲ್ಲದ ಕೋಣೆಯಲ್ಲಿ ಅವಳಿಗೆ ದನಿಗಳು ಕೇಳುತ್ತಿದ್ದವು. ಎಲ್ಲರೂ ನಿನ್ನನ್ನು ಬೈಯುತ್ತಿದ್ದಾರೆ ಎಂದು ಪಿಸುಗುಡುತ್ತಿದ್ದವು. ಊಟ ಬಿಟ್ಟಿದ್ದಳು, ಕಾಲೇಜು ಬಿಟ್ಟಿದ್ದಳು. ಆ ದನಿಗಳ ಬಾಯಿ ಮುಚ್ಚಿಸಿದ್ದು ಇದೇ ಗುಳಿಗೆ!

ಮರುದಿನ ಡಾಕ್ಟರ್ ವಾಮದೇವಪ್ಪ ಎಲ್ಲ ಕೇಳಿ ತಲೆದೂಗಿದರು. "ಇದು ನಿನ್ನ ತಪ್ಪಲ್ಲವ್ವ, ಕಾಯಿಲೆ ಹೆಚ್ಚಾಗಿದ್ದೂ ಅಲ್ಲ. ಗುಳಿಗೆಯ ಅಡ್ಡ ಪರಿಣಾಮ. ಮೊದ್ಲೇ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಹುಚ್ಚು ಜಾಸ್ತಿ ಆಗೈತೆ ಅಂತೀರೇನೋ ಅಂತ..."

"ಆ ಪದ ನನ್ನ ಹತ್ರ ಬ್ಯಾಡ! ಡೋಸ್ ಇಳಿಸ್ತೀನಿ, ಚಡಪಡಿಕೆಗೆ ಬೇರೆ ಗುಳಿಗೆ ಕೊಡ್ತೀನಿ. ಆದ್ರೆ ನೀನಾಗೇ ಯಾವತ್ತೂ ನಿಲ್ಲಿಸಬ್ಯಾಡ, ದನಿಗಳು ವಾಪಸ್ ಬಂದಾವು. ಕೈ ನಡುಗಿದ್ರೆ, ಕತ್ತು ಬಿಗಿದ್ರೆ, ನಿದ್ದೆ ಅತಿಯಾದ್ರೆ ಬಂದು ಹೇಳು. ಜ್ವರ ಬಂದು ಮೈ ಸೆಟೆದ್ರಂತೂ ಆ ಕ್ಷಣಾನೇ ಆಸ್ಪತ್ರೆಗೆ!"

ಬರಬರುತ್ತಾ ಕಾಲಿನ ಚಡಪಡಿಕೆ ತಣ್ಣಗಾಯಿತು. ಮನಸ್ಸು ಮಾತ್ರ ಹರಿಹರದಲ್ಲೇ!

"ನಾಚಿಕೆಗೆ ಎದ್ದಿದ್ಲು ಅಂತ ಹೇಳಿ ಕಳಿಸ್ತೀನಿ," ಅಂದರು ಸರ್ವಮಂಗಳಮ್ಮ. "ಗುಳಿಗೆ ವಿಷ್ಯ ಮದುವೆ ಆದ್ಮೇಲೆ ನೋಡಿದ್ರಾಯ್ತು."

"ಆಮೇಲೆ ಗಂಡನ ಮನೇಲಿ ಕದ್ದು ನುಂಗ್ಲಾ? ಕದಿಯೋಕೆ ಆಗದ ದಿನ ಬಿಟ್ಟುಬಿಡ್ಲಾ? ಬ್ಯಾಡಮ್ಮ. ಅವ್ರು ಹೋದ್ರೂ ಹೋಗ್ಲಿ, ನಾನೇ ಹೇಳ್ತೀನಿ."

ಹರಿಹರದ ಬಸ್ ಹತ್ತಿಯೇಬಿಟ್ಟಳು!

ಅಂಗಡಿಯಲ್ಲಿ ಕೊಟ್ಟೂರೇಶ್ ಒಬ್ಬನೇ ಇದ್ದ. ಕೈತುಂಬ ಗ್ರೀಸ್. ರೂಪಾ ಒಂದೇ ಉಸಿರಿಗೆ ದನಿ, ಗುಳಿಗೆ, ಕಾಲು, ಎಲ್ಲವನ್ನೂ ಹೇಳಿ ಮುಗಿಸಿದಳು.

"ನೀವು ಬ್ಯಾಡ ಅಂದ್ರೂ ಸರಿ. ಆದ್ರೆ ಅವತ್ತು ನಿಮ್ಮನ್ನ ಕಂಡು ಎದ್ದಿದ್ದಲ್ಲ... ಅಷ್ಟು ಗೊತ್ತಿರ್ಲಿ."

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನಂಗೆ ಹೆದರಿಕೆ ಆಗೈತೆ, ಸುಳ್ಳು ಯಾಕ ಹೇಳ್ಲಿ... ಡಾಕ್ಟ್ರ ಹತ್ರ ಮತ್ತೆ ಯಾವಾಗ ಹೋಗ್ತೀರಿ?"

"ಸೋಮವಾರ ಬೆಳಿಗ್ಗೆ, ವಾಮದೇವಪ್ಪೋರ ದವಾಖಾನೆಗೆ..."

ಅಷ್ಟೇ! ಒಂದು ನಗು ಕೂಡ ಇಲ್ಲ. 'ಮುಗೀತು' ಎಂದುಕೊಂಡು ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತಳು. ಆದರೂ ಮನೆಗೆ ಬಂದು, ಊಟ ಮಾಡಿ, ಗುಳಿಗೆ ತಪ್ಪಿಸದೆ ನುಂಗಿದಳು.

ಸೋಮವಾರ ದವಾಖಾನೆಯ ಬಾಗಿಲಲ್ಲಿ ಅವಳು ಗಕ್ಕನೆ ನಿಂತಳು. ಬೆಂಚಿನ ಮೇಲೆ ಕೊಟ್ಟೂರೇಶ್! ಇಸ್ತ್ರಿ ಅಂಗಿ, ಉಗುರಿನಂಚಲ್ಲಿ ಹೋಗದ ಗ್ರೀಸ್.

"ಕೂಡ್ರಿ," ಅಂದ. ಮರುಕ್ಷಣವೇ ಗಾಬರಿಯಾಗಿ, "ಓಡಾಡಬೇಕು ಅನ್ಸಿದ್ರೆ ಹೇಳ್ರಿ, ನಾನೂ ಜೊತೆಗೆ ಓಡಾಡ್ತೀನಿ!"

ರೂಪಾ ನಗುತ್ತಾ ಕೂತಳು. ಆರಾಮಾಗಿ ಕೂತಳು!

"ನಮ್ಮನೇಲಿ ಇನ್ನೂ ಹೇಳಿಲ್ಲ. ನಿಮ್ಮನ್ನ ಕೇಳದೆ ಹೆಂಗೆ ಹೇಳ್ಲಿ?" ಅಂದ ಅವನು. "ಹೆದರಿಕೆ ಏನೈತೋ ಡಾಕ್ಟ್ರನ್ನೇ ಕೇಳಾಣ ಅಂತ ಬಂದೆ. ಒಳಗೆ ಬ್ಯಾಡ ಅಂದ್ರೆ ಇಲ್ಲೇ ಕಾಯ್ತೀನಿ. ಆದ್ರೆ... ಮದುವೆ ಅಂತ ಆದ್ರೆ ನಿಮ್ಮನ್ನೇ."

ಅವಳಿಗೆ ಕಣ್ಣು ತುಂಬಿ ಬಂತು. ತಲೆ ತಗ್ಗಿಸಿದರೆ ಅವನ ಕಾಲು ಕಂಡಿತು. ಗಡಗಡ ಕುಣಿಯುತ್ತಿತ್ತು!

"ಯಾಕ್ರೀ, ನೀವೂ ಗುಳಿಗೆ ತಗೊಂಡೀರಾ?"

"ಇಲ್ಲಪ್ಪ... ನೀವು ಹೂಂ ಅಂತೀರೋ ಇಲ್ವೋ ಅಂತ..."

ರೂಪಾ ಆ ಗ್ರೀಸಿನ ಕೈಯನ್ನು ಮೆಲ್ಲಗೆ ಹಿಡಿದಳು. "ಹೂಂ."

"ಇನ್ನೊಂದ್ಸಲ ಹೇಳ್ರಿ!" ಎಂದು ಅವನು ಎದ್ದೇಬಿಟ್ಟ.

"ಹೂಂ ಅಂದೆ ರೀ... ಈಗಾದ್ರೂ ಕೂಡ್ರಿ!"