ಅವಳು ಅಳಿಸಿದ ಮಾತು

“ಹ್ಹ ಹ್ಹ ಹ್ಹಾ!”

ಸಭೆಯ ನಡುವೆ ಆ ನಗು ಸಿಡಿದಾಗ ಶಿಯೋರಿಯ ಕಿವಿ ಕೆಂಪಾಯಿತು.

ಅವಳು ಓದುತ್ತಿದ್ದುದು ತಾನು ಬರೆದ ಹೊಸ ಗೇಮ್‌ನ ಅತಿ ಕೋಮಲ ದೃಶ್ಯ. ಕಣ್ಣಿಲ್ಲದ ನಾಯಕ ರೆಂಜಿ ಹುಡುಗಿಯ ಮುಖವನ್ನು ಬೆರಳಿನಿಂದ ಸವರಿ, ‘ನೀನೆಷ್ಟು ಸುಂದರಿ’ ಎನ್ನುತ್ತಾನೆ... ಅಷ್ಟರಲ್ಲಿ ಈ ನಗು!

ನಕ್ಕವನು ಅಂದೇ ಕೆಲಸಕ್ಕೆ ಸೇರಿದ್ದ ಶಬ್ದ ವಿಭಾಗದ ಮೋತೊಕಿ. ಅವನ ಕುರ್ಚಿಗೆ ಬಿಳಿ ಕೋಲೊಂದು ಒರಗಿತ್ತು.

“ಅಷ್ಟು ನಗು ಬರೋವಂಥದ್ದು ಏನಿದೆ ಇದರಲ್ಲಿ?” ಎಂದಳು ಶಿಯೋರಿ.

“ಕ್ಷಮಿಸಿ, ಶಿಯೋರಿ-ಸಾನ್... ಹುಟ್ಟಿದಾಗಿಂದ ನಂಗೆ ಕಣ್ಣಿಲ್ಲ. ಆದ್ರೆ ಇವತ್ತಿನವರೆಗೂ ಯಾವ ಹುಡುಗಿ ಮುಖಾನೂ ಸವರಿಲ್ಲ. ಸವರೋಕೆ ಹೋದ್ರೆ ಕೆನ್ನೆಗೆ ಬೀಳುತ್ತೆ!”

ಎಲ್ಲರೂ ಗೊಳ್ಳೆಂದು ನಕ್ಕರು. ಶಿಯೋರಿಗೆ ನೆಲವೇ ಬಾಯಿಬಿಡಬಾರದೆ ಎನಿಸಿತು.

ಫುಕುವೊಕಾದಲ್ಲಿ ಅದು ಮಡಚುವ ಫೋನುಗಳ ಕಾಲ. ತೋಫು ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಕಂಪನಿ. ಬೆಳಗಾದರೆ ಬೇಯುವ ಸೋಯಾ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಇಂದಿಗೂ ಆ ವಾಸನೆ ಬಂದರೆ ಶಿಯೋರಿ ನಡೆಯುವುದನ್ನು ಮರೆತು ನಿಂತುಬಿಡುತ್ತಾಳೆ.

ಸಂಜೆ ಅವಳೇ ಅವನ ಮೇಜಿನ ಮುಂದೆ ಹೋಗಿ ನಿಂತಳು.

“ಸರಿ. ಮುಖ ಸವರಲ್ಲ. ಮತ್ತೆ ರೆಂಜಿ ಏನ್ಮಾಡ್ತಾನೆ?”

“ನನ್ನ ಕೇಳಿದ್ರೆ? ಅವನಿಗೆ ಏನಿಷ್ಟ, ಯಾಕೆ ಸಿಟ್ಟು ಬರುತ್ತೆ, ಹೇಳಿ ನೋಡೋಣ.”

ಶಿಯೋರಿ ಕೈಲಿದ್ದ ಹಾಳೆಗಳನ್ನು ತಿರುವಿ ಹುಡುಕಿದಳು.

“ನೋಡಿದ್ರಾ... ಕುರುಡುತನ ಒಂದು ಬಿಟ್ಟು ಆ ಪಾಪದವನಿಗೆ ನೀವೇನೂ ಕೊಟ್ಟೇ ಇಲ್ಲ.”

ಮಾತು ಮುಳ್ಳಿನಂತೆ ನಾಟಿತು. ಆದರೆ ಸುಳ್ಳಲ್ಲವಲ್ಲ!

ಅಂದಿನಿಂದ ಕೆಲಸ ಮುಗಿದ ಮೇಲೆ ಇಬ್ಬರೂ ನದಿಯ ಪಕ್ಕದ ಗಾಡಿ ಅಂಗಡಿಯಲ್ಲಿ ರಾಮೆನ್ ನೂಡಲ್ಸ್ ತಿನ್ನತೊಡಗಿದರು. ಮೋತೊಕಿ ಮಹಾ ಜಗಳಗಂಟ. ಬೇಸ್‌ಬಾಲ್ ಹುಚ್ಚ. ತನ್ನ ಮೆಚ್ಚಿನ ತಂಡ ಸೋತ ದಿನ ಯಾರೊಡನೆಯೂ ಮಾತಿಲ್ಲ. ಕೇಳದೆ ತೋಳು ಹಿಡಿದು ರಸ್ತೆ ದಾಟಿಸುವವರ ಮೇಲೆ ಉರಿದುಬೀಳುತ್ತಿದ್ದ.

ರೆಂಜಿಯೂ ಬದಲಾದ. ಸೋಮಾರಿಯಾದ, ಸಿಡುಕನಾದ, ಜೋರಾಗಿ ನಕ್ಕ. ಮೊದಲ ಬಾರಿಗೆ ಉಸಿರಾಡಿದ!

‘ನಾನು ಪ್ರೀತಿಸ್ತಿರೋದು ಯಾರನ್ನ? ರೆಂಜಿನಾ... ಇವನನ್ನಾ?’ ಶಿಯೋರಿಯ ಮನಸ್ಸಿಗೆ ಉತ್ತರ ಗೊತ್ತಿತ್ತು. ಬಾಯಿಗೆ ಧೈರ್ಯವಿರಲಿಲ್ಲ.

ಒಂದು ಸಂಜೆ ಮೋತೊಕಿ ಮೆಲ್ಲಗೆ ಹೇಳಿದ.

“ಅಮ್ಮ ಹೋದಾಗ ನಾನು ಅಳಲಿಲ್ಲ. ಎಲ್ಲರೂ ‘ಅಯ್ಯೋ ಪಾಪ’ ಅಂತ ನನ್ನನ್ನೇ ನೋಡ್ತಿದ್ರು, ಗೊತ್ತಾಗ್ತಿತ್ತು. ಆಮೇಲೆ ಬೀದಿ ಕೊನೆಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು... ಆ ಸದ್ದಲ್ಲಿ ಅತ್ತೆ. ಅಕ್ಕನಿಗೂ ಹೇಳಿಲ್ಲ ಇದನ್ನ.”

ಶಿಯೋರಿಯ ಕಣ್ಣು ತುಂಬಿತು. ಮರುದಿನ ಬರೆಯಲು ಕೂತಾಗ ಆ ಮಾತು ತಾನಾಗಿಯೇ ರೆಂಜಿಯ ಬಾಯಿಗೆ ಬಂದುಬಿಟ್ಟಿತು. ಅಳಿಸಬೇಕು ಅಂದುಕೊಂಡಳು... ಅಳಿಸಲಿಲ್ಲ.

ಧ್ವನಿಮುದ್ರಣದ ದಿನ ಗಾಜಿನ ಆಚೆ ನಟ ಓದಿದ: “...ನಲ್ಲಿಯ ಸದ್ದಲ್ಲಿ ಅತ್ತೆ.”

ಗಾಜಿನ ಈಚೆ ಮೋತೊಕಿಯ ಬೆರಳು ಗುಂಡಿಯ ಮೇಲೆಯೇ ನಿಂತಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಧ್ವನಿ ಚೆನ್ನಾಗಿ ಬಂದಿದೆ,” ಎಂದ.

ಶಿಯೋರಿ ಮೆಟ್ಟಿಲಿನವರೆಗೂ ಓಡಿದಳು. “ಮೋತೊಕಿ-ಸಾನ್! ಒಂದು ನಿಮಿಷ...”

“ನನ್ನ ಜೊತೆ ಕೂತಿದ್ದು ಕಥೆ ಸಿಗುತ್ತೆ ಅಂತಾನಾ?”

ಅವಳ ಮೌನವನ್ನೇ ಅವನು ಉತ್ತರ ಎಂದುಕೊಂಡ. ವಾರ ಕಳೆಯುವುದರೊಳಗೆ ಕೆಲಸ ಬಿಟ್ಟು ಇಸಹಾಯಾದ ಅಕ್ಕನ ಮನೆಗೆ ಹೊರಟುಹೋದ.

ಶಿಯೋರಿ ಆ ಮಾತನ್ನು ಅಳಿಸಿದಳು. ನಿರ್ದೇಶಕ ಇಶಿಮುರಾ ಕೂಗಾಡಿದರು.

“ಹುಚ್ಚಾ ನಿಂಗೆ? ಜನ ಅಳೋದೇ ಆ ಮಾತಿಗಮ್ಮಾ!”

“ಅದು ನಮ್ಮದಲ್ಲ ಸಾರ್. ಬೇಕಾದ್ರೆ ನನ್ನನ್ನೂ ತೆಗೀರಿ.”

ಗೇಮ್ ಬಿಡುಗಡೆಯಾಯಿತು. ಅಷ್ಟಕ್ಕಷ್ಟೇ ಮಾರಾಟವಾಯಿತು. ಚೆರ್ರಿ ಹೂ ಉದುರುವ ಹೊತ್ತಿಗೆ ಶಿಯೋರಿ ತಡೆಯಲಾರದೆ ಇಸಹಾಯಾಕ್ಕೆ ಹೋದಳು. ಮೋತೊಕಿ ಬಾಗಿಲು ತೆರೆದ.

“ನಾನು... ಶಿಯೋರಿ.”

“ಗೊತ್ತಾಯ್ತು. ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರಲ್ಲ.”

ಇಬ್ಬರೂ ಸಮುದ್ರದ ಕಡೆಗೆ ನಡೆದರು.

“ಅಕ್ಕ ಗೇಮ್ ಆಡಿ ಕೇಳಿಸಿದ್ಲು,” ಎಂದ ಕೊನೆಗೆ. “ಆ ಮಾತಿಗೆ ಕಾಯ್ತಾ ಕೂತಿದ್ದೆ. ಬರಲೇ ಇಲ್ಲ...”

“ನೀವು ಹೇಳಿದ್ದು ನನಗೆ. ನಾನದನ್ನ ಎಲ್ಲರಿಗೂ ಹಂಚೋಕೆ ಹೋದೆ. ತಪ್ಪಾಯ್ತು. ಆದ್ರೆ ಕಥೆಗೋಸ್ಕರ ನಿಮ್ಮ ಜೊತೆ ಕೂತಿರಲಿಲ್ಲ, ಮೋತೊಕಿ-ಸಾನ್. ಕೂರೋಕೆ ಕಥೆ ಒಂದು ನೆಪ ಆಗಿತ್ತು... ಅಷ್ಟೆ!”

ಬಸ್ ನಿಲ್ದಾಣ ಬಂತು. ತಿರುವಿನಲ್ಲಿ ಬಸ್ಸಿನ ಸದ್ದೂ ಕೇಳಿಸಿತು.

“ಶಿಯೋರಿ-ಸಾನ್, ಇನ್ನೊಂದು ಗುಟ್ಟು ಹೇಳ್ಲಾ? ಬರೀಬಾರದು.”

“ಬರಿಯಲ್ಲ. ಹೇಳಿ.”

“ಈ ಬಸ್ಸಿಗೆ ನೀವು ಹತ್ತೋದು ನನಗಿಷ್ಟ ಇಲ್ಲ.”

ಬಸ್ ಬಂದು ನಿಂತಿತು. ಬಾಗಿಲು ತೆರೆಯಿತು. ಚಾಲಕ ಅವಳತ್ತ ನೋಡಿದ. ಶಿಯೋರಿ ಕಣ್ಣೀರಿನ ನಡುವೆಯೇ ನಗುತ್ತಾ ‘ಹತ್ತಲ್ಲ’ ಎಂಬಂತೆ ತಲೆಯಾಡಿಸಿದಳು.

ಬಸ್ ದೂರವಾಯಿತು.

“ಹೋಯ್ತಾ?” ಎಂದ ಮೋತೊಕಿ, ಆತಂಕದಿಂದ.

“ಬಸ್ ಹೋಯ್ತು,” ಎಂದಳು ಅವಳು. “ನಾನಿಲ್ಲೇ ಇದೀನಿ.”