ಎಂಟು ಸಾವಿರ ಪೌಂಡ್ ಸಾಕು

"ಹನ್ನೆರಡು ಸಾವಿರ ಪೌಂಡಿನ ವಿಂಚ್ ಕೊಡಿ ನಜೀರ್ ಭಾಯ್," ಅಂದ ಚನ್ನೇಶ.

"ಎಂಟು ಸಾವಿರದ್ದು," ಅಂದೆ ನಾನು.

ನಜೀರ್ ಅಹಮದ್ ನಮ್ಮಿಬ್ಬರ ಮುಖ ನೋಡಿ ನಕ್ಕರು. ತುಮಕೂರಿನಲ್ಲಿ ಜೀಪು, ಥಾರ್ ಇಟ್ಟುಕೊಂಡವರೆಲ್ಲ ಅವರ ಅಂಗಡಿಯ ಮೆಟ್ಟಿಲು ಹತ್ತಿದವರೇ. ಗಂಡ ಹೆಂಡತಿ ಸೀಟ್ ಕವರಿನ ಬಣ್ಣಕ್ಕೆ ಜಗಳವಾಡುವುದನ್ನು ಅವರು ದಿನಾ ನೋಡುತ್ತಾರೆ. ನಾವು ಗಂಡ ಹೆಂಡತಿಯಲ್ಲ. ಆಗೋಣವೇ ಅಂತ ಆ ಭಾನುವಾರ ಕೇಳಿಯೇಬಿಡುವುದು ಎಂದು ನಾನು ತೀರ್ಮಾನಿಸಿಕೊಂಡು ಬಂದಿದ್ದೆ. ವಿಂಚ್ ಫಿಟ್ ಮಾಡಿಸಿಕೊಂಡು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಕೇಳುವುದು. ಅವನೇ ಕೇಳಲಿ ಅಂತ ಎರಡು ವರ್ಷ ಕಾದು ನನಗೆ ಸಾಕಾಗಿತ್ತು.

ಅದಕ್ಕೇ ಅಪರೂಪಕ್ಕೆ ಜುಮ್ಕಿ ಹಾಕಿದ್ದೆ. ಅವನ ಕಣ್ಣು ಆಗಾಗ ನನ್ನ ಕಿವಿಯ ಹತ್ತಿರ ಬಂದು, ಸಿಕ್ಕಿಬಿದ್ದ ಕಳ್ಳನ ಹಾಗೆ ವಾಪಸ್ ಓಡುತ್ತಿತ್ತು. ಒಳ್ಳೆಯ ಲಕ್ಷಣ ಅಂದುಕೊಂಡೆ.

"ಲೆಕ್ಕ ಹೇಳ್ಕೊಟ್ಟೋನು ನೀನೇ ಕಣೋ," ಅಂದೆ. "ಗಾಡಿ ತೂಕ, ಸಾಮಾನು, ನಾವಿಬ್ರು, ಎಲ್ಲ ಸೇರ್ಸಿ ಅದ್ರ ಒಂದೂವರೆ ಪಟ್ಟು. ನನ್ನ ಹಳೇ ಥಾರ್‌ಗೆ ಎಂಟು ಸಾವಿರ ಧಾರಾಳ ಆಯ್ತು. ಹನ್ನೆರಡು ಹಾಕಿದ್ರೆ ಮುಂದೆ ಭಾರ ಆಗಿ ಸ್ಪ್ರಿಂಗ್ ಕೂತ್ಕೊಳ್ಳುತ್ತೆ ಅಂತ ಜೀಪ್ ಕ್ಲಬ್ಬಲ್ಲಿ ಎಲ್ರಿಗೂ ಪಾಠ ಮಾಡ್ತೀಯಲ್ಲ?"

"ಆ ಲೆಕ್ಕ ಗಟ್ಟಿ ನೆಲಕ್ಕೆ. ಕೆಸರಲ್ಲಿ ಹೂತ್ರೆ ಸಾಲಲ್ಲ."

"ಕೆಸರಿಗೆ ಪುಲ್ಲಿ ಇದ್ಯಲ್ಲಪ್ಪ, ಫಿಸಿಕ್ಸ್ ಮೇಷ್ಟ್ರೇ!"

ಅವನು ನಗಲಿಲ್ಲ. ಮೇಷ್ಟ್ರೇ ಅಂದರೆ ನಗದೇ ಇರುವವನಲ್ಲ. ಕಾಲೇಜಿನಲ್ಲಿ ಲೆಕ್ಚರರ್ ಅನ್ನಿಸಿಕೊಳ್ಳುವ ಅವನಿಗೆ ನಾನು ಕರೆಯುವ ಹೆಸರೇ ಇಷ್ಟ ಅಂತ ನನಗೆ ಗೊತ್ತಿತ್ತು.

ವಿಂಚ್ ಅಂದರೆ ಗಾಡಿಯ ಮುಂದಿನ ಬಂಪರಿಗೆ ಕೂರಿಸುವ ಮೋಟಾರು, ಎಷ್ಟು ಪೌಂಡ್ ಭಾರ ಎಳೆಯುತ್ತದೆ ಅನ್ನುವುದೇ ಅದರ ಅಳತೆ. ಹೂತುಹೋದಾಗ ಅದರ ಹಗ್ಗವನ್ನು ಮರಕ್ಕೆ ಕಟ್ಟಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಮರಕ್ಕೊಂದು ಪುಲ್ಲಿ ಸಿಗಿಸಿ, ಹಗ್ಗವನ್ನು ಅದರಲ್ಲಿ ಸುತ್ತಿಸಿ ವಾಪಸ್ ಬಂಪರಿಗೆ ತಂದರೆ ಸಣ್ಣ ವಿಂಚಿಗೂ ಹೆಚ್ಚೂಕಡಿಮೆ ಎರಡರಷ್ಟು ಬಲ. ಆದರೆ ಆ ಕೆಲಸಕ್ಕೆ ಇಬ್ಬರಿರಬೇಕು. ಒಬ್ಬರು ಕೆಸರಿಗಿಳಿದು ಕಟ್ಟಬೇಕು, ಇನ್ನೊಬ್ಬರು ಸ್ಟೇರಿಂಗ್ ಹಿಡಿದು ಕೂರಬೇಕು. ಇಳಿಯುವವನು ಚನ್ನೇಶ, ಕೂರುವವಳು ನಾನು. ಹಳೆಯ ವಿಂಚಿನ ಮೋಟಾರು ಸುಟ್ಟುಹೋಗುವ ತನಕ ಹಾಗೇ ನಡೆದಿತ್ತು.

ಮೊದಲು ಸಿಕ್ಕಿದ್ದೂ ಕೆಸರಿನಲ್ಲೇ. ಕುಣಿಗಲ್ ಹತ್ತಿರ ಕ್ಲಬ್ಬಿನವರ ಆಫ್‌ರೋಡ್ ದಿನ, ಕೆರೆ ಅಂಗಳದಲ್ಲಿ ನನ್ನ ಗಾಡಿ ಹೂತಿತ್ತು. ಜೊತೆಗೆ ಬಂದಿದ್ದ ಚಿಕ್ಕಮ್ಮನ ಮಗಳು ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಹೋಗಿದ್ದಳು. ಎಲ್ಲಿಂದಲೋ ಬಂದ ಇವನು ಗಾಜಿನ ಮೇಲಿದ್ದ ಪಶುವೈದ್ಯೆ ಅನ್ನುವ ಸ್ಟಿಕ್ಕರ್ ಓದಿ, "ಡಾಕ್ಟ್ರೇ, ಎಮ್ಮೆಗೆ ಇಂಜೆಕ್ಷನ್ ಚುಚ್ಚಿದಂಗೆ ಆಕ್ಸಿಲರೇಟರ್ ತುಳೀಬೇಡಿ," ಅಂದ. ಮೈಯೆಲ್ಲ ಉರಿದುಹೋಯಿತು. ಅರ್ಧ ಗಂಟೆ ಒದ್ದಾಡಿ ನನ್ನನ್ನು ಮೇಲೆ ತಂದ. ಕಣ್ಣು, ಹಲ್ಲು ಬಿಟ್ಟರೆ ಮಿಕ್ಕಿದ್ದೆಲ್ಲ ಕೆಸರು. ಆ ಕಣ್ಣಲ್ಲಿ ನಗುತ್ತಾ ನಿಂತಿದ್ದ, ನಾನು ಅವನಿಗೆ ಬಿದ್ದೇಹೋದೆ.

"ಇಬ್ರೂ ಹೋಗೋದಾದ್ರೆ ಮೇಡಂ ಹೇಳೋದೇ ಸರಿ ಸರ್," ಅಂದರು ನಜೀರ್ ಭಾಯ್. "ಎಂಟು, ಜೊತೆಗೊಂದು ಪುಲ್ಲಿ. ಈ ಗಾಡಿಗೆ ಹನ್ನೆರಡು ನಾನು ಕೊಡೋದು ಒಬ್ರೇ ಓಡಾಡೋರಿಗೆ ಮಾತ್ರ. ಪುಲ್ಲಿ ಗಿಲ್ಲಿ ಹಾಕೋಕೆ ಯಾರೂ ಇರಲ್ಲ ನೋಡಿ, ಅವ್ರಿಗೆ."

ನಾನು ನಗುತ್ತಲೇ ಚನ್ನೇಶನ ಕಡೆ ತಿರುಗಿದೆ. ಅವನು ಗೋಡೆಗೆ ನೇತುಹಾಕಿದ್ದ ಹಗ್ಗಗಳನ್ನು ನೋಡುತ್ತಿದ್ದ.

"ಚನ್ನೇಶ, ಎಲ್ಲಿಗೋಗ್ತಿದೀಯ ನೀನು?"

"ಆಚೆ ಹೋಗೋಣ ಬಾ," ಅಂದ.

ಕ್ಯಾತ್ಸಂದ್ರದ ಕಡೆ ಹೋಗಬೇಕಾದ ಗಾಡಿಯನ್ನು ಗುಬ್ಬಿ ರಸ್ತೆಗೆ ತಿರುಗಿಸಿದೆ. ಇಡ್ಲಿ ತಿನ್ನುವ ಆಸೆ ಸತ್ತಿತ್ತು. ಊರು ದಾಟಿದೆವು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದ.

ಗುಬ್ಬಿಯಾಚೆಯ ಹಳ್ಳಿಯೊಂದರಲ್ಲಿ ಅವರ ವಂಶದವರೇ ನಡೆಸಿಕೊಂಡು ಬಂದ ಸಣ್ಣ ಮಠ. ಅವನ ದೊಡ್ಡಪ್ಪನೇ ಈಗಿನ ಸ್ವಾಮಿಗಳು. ಅಪ್ಪ ತೀರಿಕೊಂಡ ಮೇಲೆ ಇವನನ್ನು ಮಠದಲ್ಲಿಟ್ಟುಕೊಂಡು ಓದಿಸಿದವರೂ ಅವರೇ. ಮುಂದಿನ ಸ್ವಾಮಿ ಅಂತ ನೇಮಕವಾಗಿದ್ದ ಹುಡುಗ ಹೋದ ವರ್ಷ ಕಾಯಿಲೆ ಬಿದ್ದು ಹೋಗಿಬಿಟ್ಟ. ವಂಶದಲ್ಲಿ ಮದುವೆಯಾಗದೆ ಉಳಿದ ಗಂಡು ಇವನೊಬ್ಬನೇ. ಕಾರ್ತಿಕದಲ್ಲಿ ಪಟ್ಟ.

"ಸ್ವಾಮಿ ಆಗ್ತೀಯಾ?" ನನಗೆ ನಗು ಬಂತು. ಅದು ನಗುವಾಗಿ ಮುಗಿಯಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿದೆ.

"ಇಲ್ಲ ಅನ್ನೋಕೆ ನಾಲಿಗೆ ಇರಲಿಲ್ವಾ ನಿಂಗೆ?"

"ಊರೋರು ಕೇಳ್ದಾಗ ಇಲ್ಲ ಅಂದೆ. ಅಮ್ಮ ಕೇಳ್ದಾಗ್ಲೂ ಇಲ್ಲ ಅಂದೆ, ಅನು. ಆಮೇಲೆ ದೊಡ್ಡಪ್ಪ ಕರೆಸ್ಕೊಂಡ್ರು. ಸ್ಟ್ರೋಕ್ ಆದ್ಮೇಲೆ ಮಾತಿಲ್ಲ ಅವ್ರಿಗೆ. ನನ್ನ ಕೈ ಹಿಡ್ಕೊಂಡ್ರು, ಬಿಡಲೇ ಇಲ್ಲ."

"ನನ್ನ ಕೈ ಹಿಡಿಯೋಕೆ ಎರಡು ವರ್ಷ ಟೈಮಿತ್ತಲ್ಲೋ ನಿಂಗೆ!"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು, ಎರಡೂ ಮಾಡದೆ ಸ್ಟೇರಿಂಗ್ ಹಿಡಿದುಕೊಂಡು ಕೂತೆ.

"ದಿನಾ ಹೇಳ್ಬೇಕು ಅನ್ಕೊಂಡೇ ಬರ್ತಿದ್ದೆ," ಅಂದ. "ನೀನಂದ್ರೆ ನಂಗೆ ಪ್ರಾಣ ಕಣೇ. ಇವತ್ತಾದ್ರೂ ಬಾಯಿಬಿಟ್ಟು ಹೇಳ್ತಿದೀನಿ."

ಎರಡು ವರ್ಷ ಕಾದ ಮಾತು. ಎದುರಿಗೆ ತೆಂಗಿನಕಾಯಿ ತುಂಬಿದ ಲಾರಿ ಹಾರ್ನ್ ಹೊಡೆದುಕೊಂಡು ಹೋಯಿತು, ಅವನು ಅದೇ ಮಾತನ್ನು ಮತ್ತೊಮ್ಮೆ ಹೇಳಿದ.

"ಪಟ್ಟ ಆದ್ಮೇಲೆ ನಾನು ನಿನ್ನ ಕಾಲಿಗೆ ಬೀಳ್ಬೇಕಾ?"

"ಅಮ್ಮನೂ ಬೀಳ್ತಾರೆ."

ಮಾತಿಲ್ಲದ ಮುದುಕರ ಕೈಯಿಂದ ಅವನ ಕೈ ಕಿತ್ತುಕೊಳ್ಳುವುದು ಹೇಗೆ? ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಕಿಟಕಿಯ ಹತ್ತಿರ ಬಂದು ನಿಂತ. ಈ ಸಲ ಅವನ ಕಣ್ಣು ಜುಮ್ಕಿಯ ಮೇಲೆ ಬಂದು ಅಲ್ಲೇ ನಿಂತಿತು.

"ಹನ್ನೆರಡೇ ಹಾಕಿಸ್ಕೋ ಅನು. ಹಳ್ಳಿ ಹಳ್ಳಿ ಸುತ್ತೋಳು ನೀನು. ಒಬ್ಳೇ ಕೆಸರಲ್ಲಿ ಒದ್ದಾಡ್ತಿದೀಯ ಅಂತ ನಾನು ಅಲ್ಲಿ ಕೂತು ನೆನೆಸ್ಕೊಳ್ಳೋಕಾಗಲ್ಲ."

"ಆಯ್ತು," ಅಂದೆ.

ಆ ಸಂಜೆಯೇ ನಜೀರ್ ಭಾಯ್ ಹತ್ತಿರ ಹೋಗಿ ಎಂಟು ಸಾವಿರದ್ದನ್ನು ಹಾಕಿಸಿಕೊಂಡೆ.

"ಜೊತೆಗೆ ಸರ್ ಬರ್ತಾರಲ್ಲ ಮೇಡಂ?" ಅಂತ ಕೇಳಿದರು.

"ಬರ್ತಾರೆ," ಅಂದೆ.

ಇದು ಶುದ್ಧ ದಡ್ಡತನ ಅಂತ ನನಗೇ ಗೊತ್ತಿತ್ತು. ಆದರೆ ಹನ್ನೆರಡು ಹಾಕಿಸಿಕೊಂಡರೆ, ಅವನು ಹೋದ ಅಂತ ನಾನೇ ಒಪ್ಪಿಕೊಂಡ ಹಾಗೆ. ಪಕ್ಕದ ಸೀಟನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಕಾರ್ತಿಕದಲ್ಲಿ ಪಟ್ಟವಾಯಿತು. ನಾನು ಹೋಗಲಿಲ್ಲ. ಶೆಟ್ಟಿಹಳ್ಳಿಯ ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೆ.

ಮುಂದಿನ ಮಳೆಗಾಲದಲ್ಲಿ ಕರಿಸಿದ್ದಪ್ಪ ಅನ್ನುವವರು ಫೋನ್ ಮಾಡಿದರು. "ಮಠದ ಹಸ ಕರ ಹಾಕಕ್ಕೆ ಒದ್ದಾಡ್ತೈತೆ ಕಣವ್ವ. ನಮ್ ಕಡೆ ಡಾಕ್ಟ್ರು ಊರಲ್ಲಿಲ್ಲ, ಬತ್ತೀರಾ?" ಯಾವ ಮಠ ಅಂತ ಕೇಳಿದೆ. ಹೇಳಿದರು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಹಸು ಕಾಯುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಹೊರಟೆ.

ಕೆರೆ ಏರಿ ಇಳಿದ ಮೇಲೆ ಗಾಡಿ ಹೂತಿತು. ಎಂಟು ಸಾವಿರದ್ದು ನೇರವಾಗಿ ಎಳೆಯದೆ ಕೂಗಿಕೊಂಡಿತು. ಇಳಿದೆ, ಮರಕ್ಕೆ ಕಟ್ಟಿದೆ, ಪುಲ್ಲಿ ಹಾಕಿದೆ, ಕೊಕ್ಕೆ ವಾಪಸ್ ತಂದೆ, ಹತ್ತಿದೆ. ಅಷ್ಟರಲ್ಲಿ ಹಗ್ಗ ಸಡಿಲವಾಗಿತ್ತು, ಮತ್ತೆ ಇಳಿದೆ. ಒಂದು ಹಂತದಲ್ಲಿ ಬಂಪರಿಗೆ ತಲೆಯಿಟ್ಟು ಜೋರಾಗಿ ಅತ್ತೆ. ಮತ್ತೆ ಹತ್ತಿದೆ.

ಹಸು ಉಳಿಯಿತು, ಕರುವೂ ಉಳಿಯಿತು. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕರಿಸಿದ್ದಪ್ಪನವರು, "ಬುದ್ಧಿಯೋರ್ನ ನೋಡ್ಕಂಡೋಗಿ," ಅಂತ ಹೊಸ ಸ್ವಾಮಿಗಳಿದ್ದ ಜಗಲಿಗೆ ಕರೆದುಕೊಂಡು ಹೋದರು.

ಕಾವಿ ಉಟ್ಟು ಕೂತಿದ್ದರು. ತೆಳ್ಳಗಾಗಿದ್ದರು. ಸುತ್ತ ಭಕ್ತರು. ನಾನು ಬಗ್ಗಿ ಕಾಲು ಮುಟ್ಟಿ ಎದ್ದೆ.

"ದಾರೀಲಿ ಗಾಡಿ ಹೂತಿತ್ತಾ ತಾಯಿ?"

"ಹೂತಿತ್ತು ಬುದ್ಧಿ."

"ಜೊತೇಲಿ ಯಾರಿದ್ರು?"

"ಯಾರೂ ಇರಲಿಲ್ಲ ಬುದ್ಧಿ."

ಅವರ ಕಣ್ಣು ನನ್ನ ಸೊಂಟದವರೆಗಿನ ಕೆಸರಿನ ಮೇಲೆ ನಿಂತಿತು. ಹನ್ನೆರಡು ಸಾವಿರದ್ದಿದ್ದು ಒಂದೇ ಸಲ ಇಳಿದು ಹತ್ತಿದ್ದರೆ ಅಷ್ಟು ಕೆಸರಾಗುತ್ತಿರಲಿಲ್ಲ. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

"ಎಷ್ಟು ಸಾವಿರದ್ದು?" ದನಿ ಬಹಳ ಸಣ್ಣಗಿತ್ತು.

"ಎಂಟು."

ಅವರು ಕಣ್ಣು ಮುಚ್ಚಿಕೊಂಡರು. ಬುದ್ಧಿಯವರು ಧ್ಯಾನಕ್ಕೆ ಕೂತರು ಅಂತ ಭಕ್ತರೆಲ್ಲ ಕೈ ಮುಗಿದರು. ಅವರ ಜೊತೆ ನಾನೂ ಮುಗಿದೆ.