‘ನಿಧಾನ’ದ ಮುಖಪುಟ

“ಛೀ! ನಾಚಿಕಿ ಆಗೂದಿಲ್ಲೇನು ನಿಮಗ? ಮನ್ಯಾಗ ಅಕ್ಕ ತಂಗೀರು ಯಾರೂ ಇಲ್ಲೇನು?”

ವಾರಿಜಾ ರಿಸೀವರನ್ನು ಕುಕ್ಕಿದಳು. ಆ ವಾರ ಇಂಥ ಬ್ಲ್ಯಾಂಕ್ ಕಾಲ್ ಬಂದದ್ದು ಇದೇ ಮೊದಲಲ್ಲ. ಆ ಕಡೆ ಯಾರೋ ಉಸಿರಾಡುತ್ತಾರೆ, ತುಟಿ ಅಲುಗಿದ ಸದ್ದೂ ಕೇಳುತ್ತದೆ, ಮಾತಿಲ್ಲ. ರಿಸೀವರ್ ಹಿಡಿದಿದ್ದ ಅಂಗೈಯನ್ನು ಅವಳು ದುಪಟ್ಟಾಕ್ಕೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

ಸಂಜೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ತಾನು ಕಲಿಸುವ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಮುಗಿಸಿ ಮೇಲ್ ತೆರೆದಾಗ ಒಂದು ಹೊಸ ಪತ್ರ ಬಂದಿತ್ತು. ಆಗೆಲ್ಲ ಮಾಡುತ್ತಿದ್ದಂತೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

“ಫೋನ್ ಮಾಡಿದವ ನಾನೇರಿ. ಅಂಜಿಸಬೇಕಂತ ಅಲ್ಲ. ನಾ ‘ನಿಧಾನ’ದ ಸದಸ್ಯ. ದೌಲಪ್ಪ ಸರ್ ನಿಮ್ಮ ನಂಬರ್ ಕೊಟ್ರು. ನಿಮಗ ಥ್ಯಾಂಕ್ಸ್ ಹೇಳಬೇಕಿತ್ತು. ಆದ್ರ ನನ್ನ ಹೆಸರೇ ನನ್ನ ಬಾಯಾಗಿಂದ ಹೊರಗ ಬರ್ಲಿಲ್ಲ. ‘ಮ’ ಅಕ್ಷರ ನನಗ ಭಾಳ ತ್ರಾಸು ಕೊಡ್ತದ. ಕಮಲಾಪುರದಾಗ ದನದ ಡಾಕ್ಟರ್ ಇದ್ದೀನಿ. ಮಿಲಿಂದ.”

ವಾರಿಜಾ ಪತ್ರವನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು. ‘ನಿಧಾನ’ ಅವಳೇ ಮಾಡಿದ ವೆಬ್‌ಸೈಟ್. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವ ದೌಲಪ್ಪ ಸರ್, ತೊದಲುವ ಜನ ಒಬ್ಬರಿಗೊಬ್ಬರು ಬರೆದುಕೊಳ್ಳಲಿ, ಬರೆಯುವಾಗ ಯಾರ ನಾಲಿಗೆಯೂ ತಡೆಯುವುದಿಲ್ಲ ಎಂದು ಅವಳ ಕೈಯಲ್ಲಿ ಮಾಡಿಸಿದ್ದರು. ಕಲಬುರಗಿ, ಬೀದರ್, ರಾಯಚೂರು, ಸೊಲ್ಲಾಪುರದಿಂದ ಜನ ಬಂದು ಸೇರಿದ್ದರು. ಅಂಥವರಲ್ಲಿ ಒಬ್ಬ ಧೈರ್ಯ ಮಾಡಿ ಫೋನ್ ಮಾಡಿದರೆ ಅವಳು ಅವನಿಗೆ ಉಗಿದಿದ್ದಳು.

“ಕ್ಷಮಿಸ್ರಿ,” ಎಂದು ಬರೆದಳು. “ನನ್ನ ಮ್ಯಾಲ ನನಗ ಹೇಸಿಗಿ ಬರ್ಲಿಕತ್ತದ.”

ಮರುದಿನ ಉತ್ತರ ಬಂತು. “ಹೇಸಿಗಿ ಯಾಕ್ರಿ? ಬೈಗುಳ ಛಲೋ ಇತ್ತು. ಎಲ್ಲೂ ತಡೀಲಿಲ್ಲ ನೀವು. ನನಗ ಹೊಟ್ಟಿಕಿಚ್ಚಾತು.”

ವಾರಿಜಾ ಪರದೆಯ ಮುಂದೆ ಒಬ್ಬಳೇ ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣು ಪಕ್ಕದ ಕಿಟಕಿಯಲ್ಲಿ ತೆರೆದಿದ್ದ ‘ನಿಧಾನ’ದ ಮುಖಪುಟದ ಮೇಲೆ ಬಿತ್ತು. ನಗು ಅಲ್ಲೇ ನಿಂತಿತು. ಈ ಹಸಿರು ಬಣ್ಣ! ಚರಂಡಿಯ ಪಾಚಿಯ ಹಾಗೆ. ಇದನ್ನು ನೋಡಿ ಆ ಮನುಷ್ಯ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದನೇ?

ಆ ಸಂಜೆಯೇ ಅದನ್ನು ಅಳಿಸಿ ಹೊಸದು ಶುರುಮಾಡಿದಳು.

*

ಇದು ಅವಳ ಹಳೆಯ ರೋಗ. ತೊದಲುವ ಈ ಜನ ಹೋದಲ್ಲೆಲ್ಲ ನಗೆಪಾಟಲಾಗಿದ್ದಾರೆ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ. ಅವರಿಗೆ ಲೋಕದಲ್ಲಿ ಒಂದಾದರೂ ಜಾಗ ಕುಂದಿಲ್ಲದೆ ಇರಬೇಕು ಎಂದು ಅವಳ ಹಟ. ಕನ್ನಡದ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲವಾದ್ದರಿಂದ ಒಂದೊಂದು ಶೀರ್ಷಿಕೆಯನ್ನೂ ಚಿತ್ರವಾಗಿ ಬರೆದಳು. ಒಂದೊಂದು ಬಟನ್ನಿಗೂ ನೆರಳು ಕೊಟ್ಟಳು. ಪುಟದ ಬಾಗಿಲಲ್ಲೇ ಒಂದು ತಾವರೆ, ಎಸಳೆಸಳಾಗಿ ಅರಳುವಂಥದ್ದು.

ಮುಗಿಸಿದಾಗ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಚೆನ್ನಾಗಿ ಕಾಣುತ್ತಿತ್ತು. ಕಪ್ ಕೆಳಗಿಟ್ಟು ನೋಡಿದರೆ ವಾಕರಿಕೆ. ತಾವರೆ ಅಗ್ಗದ ಲಗ್ನಪತ್ರಿಕೆಯದು. ನೆರಳು ಉಗುರಿನ ಸಂದಿಯ ಕೊಳೆ. ಕ್ಲಾಸಿನವರು “ಛಲೋ ಅದಲ್ರಿ” ಎಂದರೆ ಅದು ಕರುಣೆಯ ಮಾತಿನಂತೆ ಕೇಳುತ್ತಿತ್ತು. ಅಳಿಸುತ್ತಿದ್ದಳು. ನಿನ್ನೆ ಎಡಗಡೆ ಇದ್ದ ಬಟನ್ ಇಂದು ಬಲಗಡೆ, ನಾಳೆ ಇಲ್ಲವೇ ಇಲ್ಲ.

“ಮತ್ತ ಬದಲಾಯಿಸಿದ್ರಂತ?” ಮಿಲಿಂದ ಪತ್ರದಲ್ಲಿ ಕೇಳುತ್ತಿದ್ದ.

“ಹೊಲಸಿತ್ತು.”

“ಯಾರಂದ್ರು?”

“ಯಾರೂ ಅನ್ಲಿಲ್ಲ. ಅದಕ್ಕ ನಾನೇ ಅಂದೆ.”

ಅವನ ಪತ್ರಗಳು ಈಗ ದಿನವೂ ಬರುತ್ತಿದ್ದವು. ಎಮ್ಮೆಯೊಂದು ಹೆರಿಗೆಯ ನೋವಿನಲ್ಲೂ ತನ್ನ ಅಂಗಿಯ ತೋಳು ನೆಕ್ಕಿದ್ದು, ತಾಯಿ ಶಿವಕಾಂತಮ್ಮ ತನ್ನ ಬದಲು ಊರಿಗೆಲ್ಲ ಮಾತಾಡುವುದು. “ದನ ಹೆಸರು ಕೇಳೂದಿಲ್ರಿ. ಅದಕ್ಕ ಈ ಓದು ಓದಿದೆ,” ಎಂದು ಒಮ್ಮೆ ಬರೆದಿದ್ದ. ಅದನ್ನು ಓದಿ ವಾರಿಜಾಳ ಎದೆ ಮೆತ್ತಗಾಯಿತು. ಉತ್ತರ ಬರೆಯಲು ಕುಳಿತರೆ ಮಾತ್ರ ಅದೇ ಕಥೆ. ಬರೆದಳು, ತಿದ್ದಿದಳು, ಹೊಡೆದುಹಾಕಿದಳು. ಕೊನೆಗೆ ಹೋದದ್ದು ಬ್ಯಾಂಕಿನಿಂದ ಬಂದ ಕಾಗದದಂಥ ಎರಡು ಸಾಲು. ಕಳಿಸಿದ ಮೇಲೆ ಹಣೆ ಚಚ್ಚಿಕೊಂಡಳು.

ದೀಪಾವಳಿಯ ಹೊತ್ತಿಗೆ ‘ನಿಧಾನ’ ಖಾಲಿಯಾಗತೊಡಗಿತು.

“ಮಂದಿ ಬರವಲ್ರಮ್ಮ,” ಎಂದರು ದೌಲಪ್ಪ ಸರ್, ಬೇಸರ ತೋರಿಸದೆ.

ಇನ್ನೂ ಸಾಕಷ್ಟು ಚಂದ ಆಗಿಲ್ಲ, ಅದಕ್ಕೇ, ಎಂದುಕೊಂಡಳು ವಾರಿಜಾ. ತಾವರೆಗೆ ಇನ್ನಷ್ಟು ಎಸಳು ಸೇರಿಸಿದಳು. ಕಣ್ಣುಗಳು ಕೆಂಪಗೆ ಉರಿಯುವಂತೆ ಕುಳಿತಳು. ಮಿಲಿಂದನಿಗೆ ಬರೆದಳು: “ಖರೇ ಹೇಳ್ರಿ. ಏನು ತಪ್ಪಾಗ್ಯದ?”

ಅವನ ಉತ್ತರ ಬರಲು ಎಂದಿಗಿಂತ ತಡವಾಯಿತು. “ಒಮ್ಮೆ ಕಮಲಾಪುರಕ್ಕ ಬಂದು ನೋಡ್ರಿ. ಇಲ್ಲಿ ಹ್ಯಾಂಗ ಕಾಣ್ತದಂತ.”

*

ಭಾನುವಾರ ಬೆಳಿಗ್ಗೆ ಹುಮನಾಬಾದ್ ಬಸ್ಸಿನಿಂದ ಇಳಿದಾಗ ಕಮಲಾಪುರದ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಗೊನೆಗಳ ಪಕ್ಕ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೋಳಿನ ಮೇಲೆ ಮಾತ್ರ ನೇರಳೆ ಔಷಧಿಯ ಕಲೆ. ಅವಳನ್ನು ಕಂಡದ್ದೇ ಅವನ ತುಟಿ ಕೂಡಿಕೊಂಡಿತು, ಬಿಡಲಿಲ್ಲ. ಕಣ್ಣು ನೆಲ ನೋಡಿತು, ಮತ್ತೆ ಅವಳನ್ನು ನೋಡಿತು.

ವಾರಿಜಾ ಕಾದಳು.

“ಬ್… ಬ್… ಬರ್ರಿ.”

“ಬಂದೆ,” ಎಂದಳು. ಇಬ್ಬರೂ ಏಕಕಾಲಕ್ಕೆ ನಕ್ಕುಬಿಟ್ಟರು. ಅವನು ಒಂದು ಕೆಂಪು ಬಾಳೆಹಣ್ಣು ಮುರಿದು ಕೊಟ್ಟ. ಅದನ್ನು ತಿನ್ನುವುದೋ ಕೈಯಲ್ಲೇ ಹಿಡಿದುಕೊಳ್ಳುವುದೋ ತಿಳಿಯದೆ ಅವಳು ಅವನ ಜೊತೆ ನಡೆದಳು. ದಾರಿಯುದ್ದ ಅವನು ಅವಳ ಕಡೆ ನೋಡುತ್ತಿದ್ದ, ಅವಳು ತಿರುಗಿದರೆ ಬಾಳೆತೋಟದ ಕಡೆ ನೋಡುತ್ತಿದ್ದ.

ಊರಿನಲ್ಲಿ ಇಂಟರ್ನೆಟ್ ಇದ್ದದ್ದು ಒಂದೇ ಕಡೆ, ಫರೀದಾಳ ಎಸ್‌ಟಿಡಿ ಬೂತಿನಲ್ಲಿ. ಒಳಗೆ ಪರದೆಯ ಹಿಂದೆ ಒಂದು ಹಳೆಯ ಕಂಪ್ಯೂಟರ್.

“ಆವೋ ಡಾಕ್ಟರ್ ಸಾಬ್,” ಎಂದಳು ಫರೀದಾ. ವಾರಿಜಾಳನ್ನು ಮೇಲಿನಿಂದ ಕೆಳಗೆ ನೋಡಿ, “ಯೇ ಇಚ್ ಮೇಡಂ ಕ್ಯಾ? ಇವರೇ ಏನು?”

ಮಿಲಿಂದನ ಕಿವಿ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು.

ಇಂಟರ್ನೆಟ್ಟಿಗೆ ಸೇರಿಸುವ ಫೋನಿನ ತಂತಿ ಕಿರುಚಿ, ಗೊರಗುಟ್ಟಿ, ಕೊನೆಗೆ ಸುಮ್ಮನಾಯಿತು. ‘ನಿಧಾನ’ ತೆರೆದುಕೊಂಡಿತು. ತಾವರೆಯ ತುದಿಯ ಒಂದು ಪಟ್ಟಿ ಕಾಣಿಸಿತು. ಕಾದರು. ಇನ್ನೊಂದು ಪಟ್ಟಿ. ಮತ್ತೆ ಕಾದರು. ಅರ್ಧ ಹೂವು ಮೂಡಿ, ಚಾಕುವಿನಲ್ಲಿ ಕೊಯ್ದ ಹಾಗೆ ಅಲ್ಲೇ ನಿಂತುಬಿಟ್ಟಿತು.

“ದಿನಾ ಹಿಂಗೇ ನೋಡ್ರಿ ಈ ಫೂಲು,” ಎಂದಳು ಫರೀದಾ ಸಹಜವಾಗಿ. “ಅರ್ಧಾ ಅರಳಿ ಕುಂತುಬಿಡ್ತದ. ಸೂಗಮ್ಮ ಟೀಚರ್ ದಿನಾ ಬರ್ತಿದ್ರು ಪಾಪ. ಸಾಲಿ ಹುಡುಗ್ರು ಅಣಕಿಸ್ತಾರಂತ ಇಲ್ಲಿ ಬಂದು ಬರೀತಿದ್ರು. ಬಾಗ್ಲೇ ತೆರೀಲಿಲ್ಲಂದ್ರ ಎಷ್ಟಂತ ಕಾಯ್ತಾರ? ಬರೂದು ಬಿಟ್ರು.”

ವಾರಿಜಾಳ ಮುಷ್ಟಿಯಲ್ಲಿ ಬಾಳೆಹಣ್ಣು ಹಿಸುಕಿಹೋಯಿತು. ಪರದೆಯ ಮೇಲಿನ ಆ ಅರ್ಧ ಹೂವು ಜಗತ್ತಿನ ಅತಿ ಹೊಲಸು ವಸ್ತುವಾಗಿ ಕಂಡಿತು. ಎಲ್ಲ ಕಡೆ ಬಾಗಿಲು ಮುಚ್ಚಿಸಿಕೊಂಡ ಹೆಂಗಸಿಗೆ ತಾನೂ ಒಂದು ಬಾಗಿಲು ಮುಚ್ಚಿದ್ದಳು, ಅದಕ್ಕೆ ನೆರಳು, ಬಣ್ಣ ಎಲ್ಲ ಕೊಟ್ಟು.

“ಮತ್ತ ನೀವು?” ಮಿಲಿಂದನ ಕಡೆ ತಿರುಗಿದಳು. “ನೀವು ಹ್ಯಾಂಗ ದಿನಾ ಬರೀತಿದ್ರಿ?”

ಅವನು ಮೌಸ್ ಹಿಡಿದು, ಚಿತ್ರಗಳನ್ನು ತೋರಿಸಬೇಡ ಎಂದು ಕಂಪ್ಯೂಟರಿಗೆ ಹೇಳುವ ಗುರುತನ್ನು ಒತ್ತಿ, ಪುಟವನ್ನು ಮತ್ತೆ ತೆರೆದ. ಅದು ತಕ್ಷಣ ಬಂತು. ಬಿಳಿ ಹಾಳೆ. ತಾವರೆ ಇರಬೇಕಾದಲ್ಲಿ, ಬಟನ್ ಇರಬೇಕಾದಲ್ಲಿ, ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅವಳ ಮಾತು:

‘ಒಳಗ ಬರ್ರಿ, ಇಲ್ಲಿ ಯಾರೂ ನಗೂದಿಲ್ಲ.’

‘ಬರೀರಿ, ಅವಸರ ಇಲ್ಲ.’

‘ಹೊಂಟ್ರೇನು? ಮತ್ತ ಬರ್ರಿ.’

ಚಿತ್ರ ಬಾರದಿದ್ದರೆ ಅದರ ಜಾಗದಲ್ಲಿ ಕಾಣಲಿ ಎಂದು ಒಂದೆರಡು ಪದ ಹಾಕುವುದು ಈ ಕೆಲಸದಲ್ಲಿ ರೂಢಿ. ಯಾರೂ ನೋಡುವುದಿಲ್ಲವೆಂದು ಅವಳು ಆ ಮಾತನ್ನು ಬಾಯಿಗೆ ಬಂದಂತೆ ಟೈಪ್ ಮಾಡಿದ್ದಳು. ಒಮ್ಮೆಯೂ ತಿದ್ದಿರಲಿಲ್ಲ. ಇದೆ ಎನ್ನುವುದೂ ಮರೆತಿತ್ತು.

“ನಾ ಮ್… ಮೊದಲಿಂದ ಇದನ್ನೇ ನೋಡೀನಿ,” ಎಂದ ಮಿಲಿಂದ. “ಚ್… ಚಿತ್ರ ಒಂದೂ ನೋಡಿಲ್ರಿ.”

ವಾರಿಜಾ ಎದ್ದು ಹೊರಗೆ ನಡೆದಳು.

*

ಬಾಳೆತೋಟದ ಬೇಲಿಯ ಹತ್ತಿರ ಅವನು ಬಂದು ಅವಳ ಜೊತೆಯಾದ.

“ಕಣ್ಣು ಹೋಗೂಹಂಗ ಕುಂತು ಮಾಡೀನಿ,” ಎಂದಳು, ತಿರುಗದೆ. “ಯಾರಿಗಂತ ಮಾಡ್ದೆ? ಬರೋವರಿಗೆ ಬರಲಿಕ್ಕಾಗಲಿಲ್ಲ, ಬಂದವರು ನೋಡಲಿಲ್ಲ. ನೀವಾದ್ರೂ ಯಾಕ ಹೇಳ್ಲಿಲ್ಲ?”

“ಅಂಜಿದೆ. ನಿಮಗ ನಿಮ್ಮ ಮ್… ಮ್ಯಾಲ ಮೊದ್ಲೇ ಅಷ್ಟು ಹೇಸಿಗಿ. ಮತ್ತಷ್ಟು ಆಗ್ತದಂತ.”

“ಅದಕ್ಕ ಸುಳ್ಳು ಥ್ಯಾಂಕ್ಸ್ ಹೇಳಲಿಕ್ಕೆ ಫೋನ್ ಮಾಡಿದ್ರಿ?”

“ಸುಳ್ಳಲ್ರಿ!” ಅವನ ದನಿ ಮೊದಲ ಸಲ ಏರಿತು. “ಥ್ಯಾಂಕ್ಸ್ ಆ ಮಾತಿಗಿ. ಅವಸರ ಇಲ್ಲ ಅಂತ ನನಗ ಯಾರೂ ಅಂದಿದ್ದಿಲ್ಲ. ನಮ್ಮವ್ವ ಸೈತ ಅಂದಿಲ್ಲ. ಆ ಮಾತು ಬರದಾಕಿ ಮ್ಯಾಲ ನನಗ ಪ್… ಪ್…”

ನಿಂತುಹೋಯಿತು. ಕಣ್ಣು ಬಿಗಿಯಾಗಿ ಮುಚ್ಚಿತು, ಕತ್ತಿನ ನರ ಉಬ್ಬಿತು, ದವಡೆ ಒಂದು ಪಕ್ಕಕ್ಕೆ ಎಳೆಯಿತು. ಹಿಂದೆ ಟೆಂಪೋದವನೊಬ್ಬ ಹಾರ್ನ್ ಹೊಡೆದು ಏನೋ ಕೂಗಿ ನಕ್ಕು ಹೋದ. ಆ ಪದ ಯಾವುದೆಂದು ವಾರಿಜಾಳಿಗೆ ಗೊತ್ತಿತ್ತು. ಅವಳು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಆ ಸೊಟ್ಟಗಾದ ಮುಖವನ್ನು ನೋಡುತ್ತ ನಿಂತಳು. ಅಲ್ಲಿ ತಿದ್ದಬೇಕಾದದ್ದು ಏನೂ ಅವಳ ಕಣ್ಣಿಗೆ ಬೀಳಲಿಲ್ಲ.

“…ಪ್ರೀತಿ ಅದ.”

ಬಾಳೆ ಎಲೆಗಳು ಒಂದಕ್ಕೊಂದು ತಿಕ್ಕಿ ಸದ್ದು ಮಾಡಿದವು. ಈಗ ಅವನು ಕಣ್ಣು ಬಿಟ್ಟು ಅವಳಿಗಾಗಿ ಕಾಯುತ್ತಿದ್ದ.

“ನನಗ ಛಂದ ಮಾಡಿ ಹೇಳಲಿಕ್ಕೆ ಈಗ ಬರೂದಿಲ್ರಿ,” ಎಂದಳು ವಾರಿಜಾ. ಮೂಗು ಸೋರುತ್ತಿತ್ತು, ಬೆರಳಿಗೆ ಬಾಳೆಹಣ್ಣು ಮೆತ್ತಿತ್ತು. “ನನಗೂ ಅದ. ಅಷ್ಟ.”

*

ಸೋಮವಾರ ತಾವರೆಯನ್ನು ತೆಗೆದಳು. ನೆರಳು, ಬಣ್ಣ, ಚಿತ್ರದ ಶೀರ್ಷಿಕೆ ಎಲ್ಲ ತೆಗೆದಳು. ಬಿಳಿಯ ಮೇಲೆ ಕಪ್ಪು ಅಕ್ಷರ ಉಳಿಯಿತು, ಗಿಲಾವು ಮಾಡದ ಗೋಡೆಯ ಹಾಗೆ. ಅದನ್ನು ಕಂಡೂ ವಾಕರಿಕೆ ಬಂತು. ಇಲ್ಲೊಂದು ಗೆರೆ ಇದ್ದರೆ, ಅಲ್ಲೊಂದಿಷ್ಟು ನೀಲಿ ಇದ್ದರೆ, ಎಂದು ಕೈ ಕಡಿಯಿತು. ಕಂಪ್ಯೂಟರ್ ಆರಿಸಿ ಮನೆಗೆ ಹೋದಳು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಅವಳು ಮುಟ್ಟಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ಫರೀದಾ ಸುದ್ದಿ ಮುಟ್ಟಿಸಿದ್ದಳೇನೋ, ಸೂಗಮ್ಮ ಟೀಚರ್ ಬರೆದಿದ್ದರು, ಹಾಜರಿ ಕರೆಯುವಾಗ ಯಾವ ಹುಡುಗನ ಹೆಸರು ತಮ್ಮನ್ನು ಸೋಲಿಸುತ್ತದೆ ಎಂದು. ಕೆಳಗೆ ರಾಯಚೂರಿನವರು, ಬೀದರಿನವರು ಉತ್ತರ ಕೊಟ್ಟಿದ್ದರು. ಮುಖಪುಟದ ಬಗ್ಗೆ ಯಾರೂ ಏನೂ ಅಂದಿರಲಿಲ್ಲ.

*

ಸಂಕ್ರಾಂತಿ ಕಳೆದ ಮೇಲೆ ಮಿಲಿಂದ ಜೇವರ್ಗಿ ಕಾಲೋನಿಯ ವಾರಿಜಾಳ ಮನೆಗೆ ಬಂದ. “ನಾನೇ ಹೇಳ್ತೀನ್ರಿ ಮನ್ಯಾಗ, ನೀವು ಬರೂದು ಬ್ಯಾಡ,” ಎಂದು ವಾರಿಜಾ ಎಷ್ಟು ಹೇಳಿದರೂ ಕೇಳಿರಲಿಲ್ಲ. ಅವಳ ತಂದೆ ಪ್ರಹ್ಲಾದರಾಯರು ಮಡಿವಂತ ಬ್ರಾಹ್ಮಣರು, ನಿವೃತ್ತ ಹೆಡ್‌ಮಾಸ್ತರರು. ಎದುರಿನವರ ಮಾತನ್ನು ಅರ್ಧಕ್ಕೇ ಹಿಡಿದು ತಾವೇ ಮುಗಿಸುವುದು ಅವರ ಅಭ್ಯಾಸ.

“ನಿ… ನಿಮ್ಮ ಮ್…”

“ಮನಿ? ಮನಿ ಬಾಡಿಗಿಗೆ ಕೇಳಲಿಕ್ಕೆ ಬಂದೀರೇನು?”

“ಅಲ್ರಿ. ಮ್… ಮ್…”

“ಮಾರ್ಕ್ಸ್ ಕಾರ್ಡಿಗೆ ಸಹಿ ಬೇಕೇನು?”

“ಅಪ್ಪಾ,” ಎಂದಳು ವಾರಿಜಾ ಬಾಗಿಲಲ್ಲಿ ನಿಂತು. “ಅವರೇ ಹೇಳ್ತಾರ. ಸ್ವಲ್ಪ ಕಾಯ್ರಿ.”

ರಾಯರು ಮಗಳ ಮುಖ ನೋಡಿದರು. ಕುರ್ಚಿಗೆ ಒರಗಿದರು. ಒಳಗಿನಿಂದ ತಾಯಿ ಜಾನಕೀಬಾಯಿ ಒಗ್ಗರಣೆಯ ಸೌಟು ಹಿಡಿದುಕೊಂಡೇ ಬಂದು ನಿಂತರು. ಮಿಲಿಂದನ ಅಂಗಿ ಬೆನ್ನಿಗೆ ಅಂಟಿತ್ತು. ವಾರಿಜಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು, ತನ್ನ ಬಾಯಿ ತೆರೆಯದಿರಲೆಂದು.

“ನಿಮ್ಮ ಮಗಳನ್ನ ಮ್… ಮದುವಿ ಆಗಬೇಕಂತ ಮಾಡೀನ್ರಿ. ನಾವು ಬ್… ಬೌದ್ಧರು, ದಲಿತ ಮಂದಿ. ಮುಚ್ಚಿಟ್ಟು ಕೇಳಬಾರದಂತ ಬಂದೆ.”

ರಾಯರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಎದ್ದು ಒಳಕೋಣೆಗೆ ಹೋದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಆ ದಿನ ಅವರು ಹೊರಗೆ ಬರಲಿಲ್ಲ. ಆ ವಿಷಯ ಎತ್ತಲು ಯುಗಾದಿಯೇ ಬೇಕಾಯಿತು, ಆಗಲೂ “ನಿಮ್ಮ ತಾಯಿಯವರನ್ನ ಕರಕೊಂಡು ಬರ್ರಿ” ಎಂಬ ಒಂದೇ ಮಾತು ಆಡಿದರು.

ಆದರೆ ಆ ಮಧ್ಯಾಹ್ನ ಜಾನಕೀಬಾಯಿ ಮುಚ್ಚಿದ ಬಾಗಿಲನ್ನೊಮ್ಮೆ, ಹುಡುಗನ ಬೆವತ ಹಣೆಯನ್ನೊಮ್ಮೆ ನೋಡಿ, ಅಡುಗೆಮನೆಯ ಪಕ್ಕದಲ್ಲಿ, ತಮ್ಮವರು ಕುಳಿತುಣ್ಣುವ ಜಾಗದಲ್ಲೇ ಮಣೆ ಹಾಕಿದರು.

“ಏಳ್ರಿ. ಕೈ ತೊಳಕೊಳ್ರಿ. ಅನ್ನ ಆರ್ತದ.”

ಬಚ್ಚಲ ಬಾಗಿಲಲ್ಲಿ ವಾರಿಜಾ ಟವೆಲ್ ಕೊಡುವಾಗ ಮಿಲಿಂದ ತಗ್ಗಿದ ದನಿಯಲ್ಲಿ ಕೇಳಿದ, “ಛ್… ಛಲೋ ಹೇಳಿದ್ನೇನ್ರಿ?”

“ಇಲ್ಲ,” ಎಂದಳು ವಾರಿಜಾ. ಅವನ ಒದ್ದೆ ಬೆರಳನ್ನು ಟವೆಲ್ಲಿನ ಸಮೇತ ಒಂದು ಕ್ಷಣ ಹಿಡಿದುಕೊಂಡಳು. “ಆದ್ರ ಪೂರಾ ಹೇಳಿದ್ರಿ.”